ಬಾಗಿಲ ಬದಿಯ ಕಟ್ಟೆ

ಕೊಪ್ಪಳ ಜಿಲ್ಲೆಯ ನಮ್ಮೂರಿನಲ್ಲಿ ಅಜ್ಜನ ಕಾಲದ ಮಾಳಿಗೆ ಮನೆಯನ್ನು ಕೆಡವಿ ಆರ್‌ಸಿಸಿ ಮನೆ ಕಟ್ಟಿಸುತ್ತಿದ್ದೇವೆ. ದಪ್ಪನೆಯ ಕಲ್ಲು-ಮಣ್ಣಿನ ಗೋಡೆ, ತೊಲೆ-ಜಂತಿಗಳ ಮೇಲೆ ಸವಳು ಮಣ್ಣು, ಬೆಳಕಿಗೊಂದು ಗವಾಕ್ಷಿ ಇದ್ದ ಆ ಮನೆ ಈ ಬಿಸಿಲ ಸೀಮೆಗೆ ತಕ್ಕುದಾಗಿತ್ತು. ಮಳೆಗಾಲಕ್ಕೆ ಮುನ್ನ ಮಾಳಿಗೆಗೆ ಹೊಸ ಮಣ್ಣು ಹಾಕಲೇಬೇಕಿದ್ದುದರಿಂದ ಓಣಿಯವರು ಒಬ್ಬರ ಮನೆಗೆ ಒಬ್ಬರು ಮುಯ್ಯಾಳಾಗಿ ಬರುತ್ತಿದ್ದರು. ಸಿಮೆಂಟಿನ ಛಾವಣಿಗಳು ಬಂದ ಮೇಲೆ ಆ ಅಗತ್ಯವೂ ಹೋಯಿತು, ಬರುವವರೂ ನಿಂತರು.

ನನ್ನನ್ನು ಹೆಚ್ಚು ಕಾಡುತ್ತಿರುವುದು ಬಾಗಿಲ ಬದಿಯ ಕಟ್ಟೆ. ಸಂಜೆ ಅಜ್ಜಿ ಅಲ್ಲಿ ಶೇಂಗಾ ಸುಲಿಯುತ್ತಾ ಕುಳಿತರೆ ದಾರಿಹೋಕರೂ ಒಂದು ಗಳಿಗೆ ಕೂತು ಎರಡು ಕಾಳು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಆದರೆ ಅದೇ ಕಟ್ಟೆಯ ಕೆಳಗೆ ನಿಂತೇ ಮಾತಾಡಿ ಹೋಗುತ್ತಿದ್ದ ಕೂಲಿಯವರನ್ನೂ ಕಂಡಿದ್ದೇನೆ. ಎರಡಡಿ ಎತ್ತರವನ್ನು ಏರಲು ಜಾತಿ ಅವರನ್ನು ಬಿಡುತ್ತಿರಲಿಲ್ಲ. ನಮ್ಮ ಜಿಲ್ಲೆಯದೇ ಇಟಗಿಯಲ್ಲಿ 1112ರಲ್ಲಿ ಮಹಾದೇವ ದೇವಾಲಯ ಕಟ್ಟಿಸಿದ ದಂಡನಾಯಕನ ಹೆಸರನ್ನು ಶಾಸನ ಉಳಿಸಿದೆ, ನಮ್ಮ ಗೋಡೆಗೆ ಮಣ್ಣು ತುಳಿದವರ ಹೆಸರು ಮನೆಯಲ್ಲಿ ಯಾರಿಗೂ ನೆನಪಿಲ್ಲ.

ಹೊಸ ನಕ್ಷೆಯಲ್ಲಿ ಕಟ್ಟೆಯಿರಲಿಲ್ಲ, ಅಲ್ಲಿ ಕಾರು ನಿಲ್ಲಬೇಕಿತ್ತು. ನಿನ್ನೆ ಮೇಸ್ತ್ರಿಯವರಿಗೆ ಹೇಳಿ, ಬೀದಿಯ ಕಡೆಗೇ ಮುಖವಾಗಿ, ಯಾರು ಬೇಕಾದರೂ ಬಂದು ಕೂಡುವಂತೆ ತಗ್ಗಾದ ಕಟ್ಟೆಯೊಂದಕ್ಕೆ ಗುರುತು ಹಾಕಿಸಿದ್ದೇನೆ.