ಸುರಂಗದ ಬತ್ತಿ ನಂದಿದರೆ

ಕಾಸರಗೋಡಿನ ಬಾಯಾರು, ಪೈವಳಿಕೆ, ಎಣ್ಮಕಜೆ ಕಡೆ ನೀರಿಗಾಗಿ ಗುಡ್ಡದೊಳಕ್ಕೆ ಅಡ್ಡಲಾಗಿ ಸುರಂಗ ತೋಡುವವರು ಪಿಕ್ಕಾಸಿನ ಜತೆ ಮೇಣದಬತ್ತಿಯನ್ನೂ ಒಳಗೆ ಒಯ್ಯುತ್ತಾರೆ, ಬೆಳಕಿಗೆ ಮಾತ್ರ ಅಲ್ಲ. ಜ್ವಾಲೆ ಸಣ್ಣಗಾಯಿತೋ, ಹೊರಗೆ ಬರಬೇಕು. ನಂದಿತೋ, ಪಿಕ್ಕಾಸನ್ನು ಅಲ್ಲೇ ಬಿಟ್ಟು ಬರಬೇಕು.

ಬತ್ತಿಗೂ ತೋಡುವವನ ಮೈಗೂ ಬೇಕಾದದ್ದು ಅದೇ ಆಮ್ಲಜನಕ. ಆದರೆ ಬತ್ತಿ ಮೇಣವನ್ನು ಒಮ್ಮೆಗೇ ಸುಡುತ್ತದೆ. ಜೀವಕೋಶ ಬೆಳಗ್ಗಿನ ಗಂಜಿಯ ಗ್ಲೂಕೋಸನ್ನು ಹಂತಹಂತವಾಗಿ ಬಿಚ್ಚುತ್ತದೆ. ಮೊದಲ ಹಂತ ಕೋಶರಸದಲ್ಲಿ. 6 ಇಂಗಾಲದ ಗ್ಲೂಕೋಸ್ ಒಡೆದು 3 ಇಂಗಾಲದ ಎರಡು ಪೈರುವೇಟ್ ಆಗುತ್ತದೆ, ಕೈಗೆ ದಕ್ಕುವುದು ಬರೀ 2 ಎಟಿಪಿ, ಅಂದರೆ ಕೋಶ ಖರ್ಚು ಮಾಡುವ ಶಕ್ತಿಯ ಚಿಲ್ಲರೆ. ಇಷ್ಟಕ್ಕೆ ಆಮ್ಲಜನಕವೇ ಬೇಡ. ಉಳಿದ ವ್ಯವಹಾರವೆಲ್ಲ ಕೋಶದ ಶಕ್ತಿಮನೆಯಾದ ಮೈಟೊಕಾಂಡ್ರಿಯದೊಳಗೆ. 1937ರಲ್ಲಿ ಜೀವರಸಾಯನ ವಿಜ್ಞಾನಿ ಹ್ಯಾನ್ಸ್ ಕ್ರೆಬ್ಸ್ ಗುರುತಿಸಿದ ಚಕ್ರ ಅಲ್ಲಿ ತಿರುಗುತ್ತದೆ. ಇಂಗಾಲ ಕಾರ್ಬನ್ ಡೈಆಕ್ಸೈಡ್ ಆಗಿ ಹೊರಬೀಳುತ್ತದೆ, ಕಳಚಿದ ಎಲೆಕ್ಟ್ರಾನುಗಳು ಒಳಪೊರೆಯ ಪ್ರೋಟೀನುಗಳಲ್ಲಿ ಕೈಯಿಂದ ಕೈಗೆ ದಾಟುತ್ತವೆ. ಆ ದಾಟುವಿಕೆಯ ಬಲದಲ್ಲಿ ಪ್ರೋಟಾನುಗಳು ಪೊರೆಯಾಚೆ ಒಟ್ಟಾಗಿ, ವಾಪಸು ನುಗ್ಗುವಾಗ ಎಟಿಪಿ ಕಟ್ಟುವ ಕಿಣ್ವವನ್ನು ತಿರುಗಿಸುತ್ತವೆ. ಒಟ್ಟು ಗಳಿಕೆ 30ರಿಂದ 32 ಎಟಿಪಿ.

ಆಮ್ಲಜನಕದ ಕೆಲಸ ತೀರಾ ಕೊನೆಗೆ: ದಣಿದ ಎಲೆಕ್ಟ್ರಾನುಗಳನ್ನು ಎತ್ತಿಕೊಂಡು ನೀರಾಗುವುದು. ಒಳಗೆಳೆದ ಆಮ್ಲಜನಕವೇ ಇಂಗಾಲಕ್ಕೆ ಅಂಟಿ ಹೊರಬರುತ್ತದೆ ಎಂದು ಓದಿದವರೂ ಹೇಳುತ್ತಾರೆ. ಅದು ತಪ್ಪು. ಮೂಗಿಗೂ ಕೋಶಕ್ಕೂ 'ಉಸಿರಾಟ' ಎಂಬ ಒಂದೇ ಪದ ಹಚ್ಚಿದ್ದರಿಂದ ಬಂದ ಗೊಂದಲ ಇದು. ಆಮ್ಲಜನಕ ಇಲ್ಲವಾದರೆ ಎಲೆಕ್ಟ್ರಾನುಗಳ ಸಾಲು ನಿಂತಲ್ಲೇ ನಿಲ್ಲುತ್ತದೆ. ಮರಗೆಣಸಿನ ಸಯನೈಡ್ ಕೈಹಾಕುವುದೂ ಈ ಕೊನೆಯ ಕಟ್ಟೆಗೇ. ಕಹಿ ಗೆಣಸನ್ನು ಹೆಚ್ಚಿ ಬೇಯಿಸಿ ನೀರು ಬಸಿಯುವುದು ಅದಕ್ಕೇ.

ಇನ್ನು ಲೆಕ್ಕ. ಸುಮ್ಮನೆ ಕೂತವನಿಗೆ ನಿಮಿಷಕ್ಕೆ 250 ಮಿಲಿಲೀಟರ್ ಆಮ್ಲಜನಕ ಸಾಕು. ಮುರಕಲ್ಲು ಅಗೆಯುವವನಿಗೆ ಒಂದೂವರೆ ಲೀಟರ್ ಬೇಕಾದೀತು. 2 ಅಡಿ ಅಗಲ, 6 ಅಡಿ ಎತ್ತರದ ಸುರಂಗದಲ್ಲಿ ಗಾಳಿಯಾಡದ ಕೊನೆಯ 3 ಮೀಟರ್ ಎಂದರೆ ಸುಮಾರು 3,300 ಲೀಟರ್ ಗಾಳಿ. ಆಮ್ಲಜನಕ 21ರಿಂದ 17 ಶೇಕಡಕ್ಕೆ ಇಳಿಯಲು 130 ಲೀಟರ್ ಖರ್ಚಾದರೆ ಮುಗಿಯಿತು, ಅಂದರೆ ಒಬ್ಬನಿಗೆ ಒಂದೂವರೆ ಗಂಟೆಯೂ ಇಲ್ಲ. ಬತ್ತಿಯ ಪಾಲು ಬೇರೆ. ಇಬ್ಬರಿದ್ದರೆ ಅರ್ಧವೇ. ಉದ್ದದ ಸುರಂಗಗಳಿಗೆ ಮೇಲಿನಿಂದ ಗಾಳಿಗೆ ತೂತು ಕೊರೆಯುವುದು ಸುಮ್ಮನೆ ಅಲ್ಲ.

ಬತ್ತಿ ನಂದುವುದು 16–17 ಶೇಕಡದಲ್ಲಿ. ನಾವು ಬಿಡುವ ಉಸಿರಿನಲ್ಲಿ ಇರುವುದೂ 16ರಷ್ಟೇ. ಮನುಷ್ಯನಿಗೆ ಆಗಲೂ ಎಚ್ಚರ ಇರುತ್ತದೆ, ಆದ್ದರಿಂದ ಬತ್ತಿ ಮುಂಚೆಯೇ ಹೇಳಿದಂತಾಯಿತು. ಮೆದುಳು ಮಾತ್ರ ಇಷ್ಟು ಚುರುಕಿಲ್ಲ. ಏದುಸಿರು ಬರಿಸುವುದು ಮುಖ್ಯವಾಗಿ ರಕ್ತದಲ್ಲಿ ಏರಿದ ಕಾರ್ಬನ್ ಡೈಆಕ್ಸೈಡ್. ಆಮ್ಲಜನಕದ ಕೊರತೆ ಹಾಗೆ ಗದ್ದಲ ಮಾಡದೆ ಕಾಲು ಕುಸಿಯುವಂತೆ ಮಾಡೀತು.

ವರ್ಷಗಟ್ಟಲೆ ಮುಚ್ಚಿದ ಬಾವಿಯಲ್ಲಿ ಯಾರೂ ಇಳಿಯದೆಯೂ ಆಮ್ಲಜನಕ ಹೀಗೆ ಇಳಿಯುತ್ತದೆ. ಕೊಳೆತ ಎಲೆಯ ಬ್ಯಾಕ್ಟೀರಿಯಾ, ಮಣ್ಣಿನ ಬೇರು, ಎಲ್ಲವೂ ಉಸಿರಾಡುತ್ತವೆ. ಕಾರ್ಬನ್ ಡೈಆಕ್ಸೈಡ್ ಗಾಳಿಗಿಂತ ಒಂದೂವರೆ ಪಟ್ಟು ಭಾರ, ತಳದಲ್ಲೇ ಕೂರುತ್ತದೆ. ಹಾಗಾಗಿ ಬತ್ತಿಯನ್ನು ಬಾವಿಯ ಬಾಯಿಯ ಹತ್ತಿರ ಹಿಡಿದು ನೋಡಿದರೆ ಪ್ರಯೋಜನವಿಲ್ಲ. ಬಕೆಟ್ಟಿನಲ್ಲಿಟ್ಟು ನೀರಿನ ಮಟ್ಟದವರೆಗೆ ಇಳಿಸಬೇಕು. ಒಳಗೆ ಬಿದ್ದವನನ್ನು ಎತ್ತಲು ಹಾಗೇ ಧುಮುಕಿದವನೂ ಅವನ ಪಕ್ಕದಲ್ಲೇ ಬೀಳುತ್ತಾನೆ.

ಬತ್ತಿ ಪೂರಾ ಮೋಸ ಮಾಡುವ ಜಾಗ ಒಂದಿದೆ: ಕೆಸರು ತೆಗೆಯಲು ಪೆಟ್ರೋಲ್ ಎಂಜಿನ್ನಿನ ಪಂಪನ್ನು ಬಾವಿಯೊಳಗೇ ಇಳಿಸಿ ಓಡಿಸುವುದು. ಹೊಗೆಯ ಕಾರ್ಬನ್ ಮಾನಾಕ್ಸೈಡ್, ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟುತ್ತದೆ. ಗಾಳಿಯಲ್ಲಿ ಆಮ್ಲಜನಕ ಸಾಕಷ್ಟಿದ್ದರೂ ಕೋಶಕ್ಕೆ ತಲುಪುವುದಿಲ್ಲ. ಬತ್ತಿಗೆ ರಕ್ತವಿಲ್ಲ, ಅದು ಚೆನ್ನಾಗಿಯೇ ಉರಿಯುತ್ತಿರುತ್ತದೆ.