ಪ್ಲಾಸಿಬೊ ಗುಳಿಗೆಗೂ ತಲೆಸುತ್ತು ನಿಲ್ಲುವುದೇಕೆ?

ಒಳಕಿವಿಯ ತೊಂದರೆಯಿಂದ ತಲೆಸುತ್ತಿನ ದಾಳಿ ಬರುವ ಮೆನಿಯೇರ್ ಕಾಯಿಲೆಯ ಔಷಧಿ ಪ್ರಯೋಗದ ವರದಿ ಕೈಗೆ ಸಿಕ್ಕರೆ ಮೊದಲು ಪ್ಲಾಸಿಬೊ ಗುಂಪಿನ ಅಂಕಿ ಹುಡುಕಿ, ಔಷಧಿಯದನ್ನು ಆಮೇಲೆ ನೋಡಿದರಾಯಿತು. ಈ ಕಾಯಿಲೆಯಲ್ಲಿ ಔಷಧಿಯೇನೂ ಇಲ್ಲದ ಪ್ಲಾಸಿಬೊ ಗುಳಿಗೆ ನುಂಗಿದವರಿಗೂ ತಲೆಸುತ್ತು ಕಡಿಮೆಯಾಗುತ್ತದೆ, ಅದೂ ಸಾಕಷ್ಟು.

ಕಾರಣ ಕಾಯಿಲೆಯ ನಡೆಯಲ್ಲೇ ಇದೆ. ದಾಳಿಗಳು ಕೆಲವು ವಾರ ಸಾಲುಸಾಲಾಗಿ ಬಂದು, ಆಮೇಲೆ ತಿಂಗಳುಗಟ್ಟಲೆ ಸುಳಿವೇ ಇರುವುದಿಲ್ಲ. ಜನ ಪ್ರಯೋಗಕ್ಕೆ ಸೇರುವುದು ಕಾಯಿಲೆ ಏರಿದ ಹೊತ್ತಿನಲ್ಲಿ. ಏರಿದ್ದು ಸಾಮಾನ್ಯವಾಗಿ ಇಳಿಯುತ್ತದೆ. ಆಗ ಯಾವ ಗುಳಿಗೆ ನುಂಗುತ್ತಿದ್ದರೋ ಕೀರ್ತಿ ಅದಕ್ಕೆ ಹೋಗುತ್ತದೆ.

ಈ ಕಾಯಿಲೆಗೆ ಕೊಡುವ ಬೀಟಾಹಿಸ್ಟಿನ್ ಔಷಧಿಯ ಕುರಿತ ಜರ್ಮನಿಯ ಬೆಮೆಡ್ ಪ್ರಯೋಗ (2016ರಲ್ಲಿ ಪ್ರಕಟ) ಇದನ್ನು ಚೆನ್ನಾಗಿ ತೋರಿಸಿತು. 221 ರೋಗಿಗಳು, 9 ತಿಂಗಳು, ಮೂರು ಗುಂಪು: ದಿನಕ್ಕೆ 24 ಮಿ.ಗ್ರಾಂ. ಎರಡು ಸಲ, 48 ಮಿ.ಗ್ರಾಂ. ಮೂರು ಸಲ, ಮತ್ತು ಪ್ಲಾಸಿಬೊ. ಮೂರರಲ್ಲೂ ದಾಳಿ ಇಳಿಯಿತು, ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. ಪ್ಲಾಸಿಬೊ ಗುಂಪೇ ಇಲ್ಲದಿದ್ದರೆ ಅದೇ ಅಂಕಿಗಳು ಔಷಧಿಯ ಗೆಲುವಾಗಿ ಓದಿಸಿಕೊಳ್ಳುತ್ತಿದ್ದವು.

ಶಸ್ತ್ರಚಿಕಿತ್ಸೆಯೂ ಇದಕ್ಕೆ ಹೊರತಲ್ಲ. 1981ರ ಡೆನ್ಮಾರ್ಕ್ ಅಧ್ಯಯನದಲ್ಲಿ 30 ಜನರಲ್ಲಿ ಅರ್ಧ ಮಂದಿಗೆ ಒಳಕಿವಿಯ ಚೀಲಕ್ಕೆ ಶಂಟ್ (ದ್ರವ ಹೊರಹೋಗುವ ದಾರಿ) ಹಾಕಿದರು, ಉಳಿದರ್ಧಕ್ಕೆ ಕಿವಿಯ ಹಿಂದಿನ ಮೂಳೆಯನ್ನಷ್ಟೇ ಕೊರೆದರು. ಎರಡೂ ಕಡೆಯವರಿಗೆ ಗುಣ ಕಂಡಿತು. ಆ ಅಂಕಿಗಳ ವಿಶ್ಲೇಷಣೆಯ ಬಗ್ಗೆ ಮುಂದೆ ವಾದ ನಡೆಯಿತೆನ್ನುವುದು ನಿಜ, ಆದರೆ ಗುಣ ಶಂಟ್‌ನಿಂದ ಬಂತೋ ತಾನಾಗಿ ಬಂತೋ ಎಂದು ಆ ಅಧ್ಯಯನ ಎತ್ತಿದ ಪ್ರಶ್ನೆ ಇನ್ನೂ ಉಳಿದಿದೆ.

2016ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಪ್ರಯೋಗವನ್ನೂ ಇದೇ ಕಣ್ಣಿನಿಂದ ನೋಡಬೇಕು. 60 ಜನರ ಕಿವಿತಮಟೆಯ ಹಿಂದಕ್ಕೆ ಕೆಲವರಿಗೆ ಜೆಂಟಾಮೈಸಿನ್ ಎಂಬ ಆಂಟಿಬಯೋಟಿಕ್, ಕೆಲವರಿಗೆ ಮೀಥೈಲ್‌ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಚುಚ್ಚಿದರು. ಎರಡು ವರ್ಷದ ಕೊನೆಗೆ ದಾಳಿಗಳು ಕ್ರಮವಾಗಿ 87% ಮತ್ತು 90% ಇಳಿದಿದ್ದವು. ಒಳಕಿವಿಗೆ ವಿಷವಾಗಬಲ್ಲ ಜೆಂಟಾಮೈಸಿನ್‌ನಷ್ಟೇ ಕೆಲಸವನ್ನು ಸ್ಟೀರಾಯ್ಡ್ ಮಾಡಿತೆಂಬುದು ಉಪಯುಕ್ತ ಸುದ್ದಿ. ಆದರೆ ಪ್ಲಾಸಿಬೊ ಗುಂಪಿಲ್ಲದ್ದರಿಂದ ಆ 90%ರಲ್ಲಿ ಔಷಧಿಯ ಪಾಲೆಷ್ಟು, ಕಾಲದ ಪಾಲೆಷ್ಟು ಎಂದು ಈ ಪ್ರಯೋಗದಿಂದ ಬಿಡಿಸಲಾಗದು.

ಇನ್ನು ಎಣಿಕೆ. 1995ರ ಅಮೆರಿಕನ್ ಪದ್ಧತಿಯಲ್ಲಿ ಚಿಕಿತ್ಸೆಯ ನಂತರದ 18ರಿಂದ 24ನೇ ತಿಂಗಳ ದಾಳಿಗಳ ಮಾಸಿಕ ಸರಾಸರಿಯನ್ನು ಚಿಕಿತ್ಸೆಗೆ ಮುಂಚಿನ 6 ತಿಂಗಳ ಸರಾಸರಿಯಿಂದ ಭಾಗಿಸಿ 100ರಿಂದ ಗುಣಿಸುತ್ತಾರೆ. ಮೊದಲು ತಿಂಗಳಿಗೆ 2, ನಂತರ 0.5 ಎಂದರೆ ಉತ್ತರ 25. ಇದು ‘ಬಿ’ ವರ್ಗ. ಸೊನ್ನೆ ಬಂದರಷ್ಟೇ ‘ಎ’. ಲೆಕ್ಕ ಸುಲಭ, ಕೈಕೊಡುವುದು ರೋಗಿ ದಾಳಿಗಳನ್ನು ಬರೆದಿಡುವ ದಿನಚರಿ. ಮುಂಚಿನ 6 ತಿಂಗಳನ್ನು ನೆನಪಿನಿಂದ ಬರೆಸಿದರೆ ಕೆಟ್ಟ ವಾರಗಳೇ ಎದ್ದು ಕಾಣುತ್ತವೆ, ಭಾಜಕ ಉಬ್ಬುತ್ತದೆ, ಔಷಧಿ ಚೆನ್ನಾಗಿ ಕಾಣುತ್ತದೆ. ಖಾಲಿ ಬಿಟ್ಟ ದಿನವನ್ನು ‘ದಾಳಿ ಇಲ್ಲ’ ಎಂದು ಓದುವುದು ಇನ್ನೊಂದು ತಪ್ಪು. ‘ಇಲ್ಲ’ ಎಂದು ಬರೆಸಲೇಬೇಕು.

ಯಾವುದು ದಾಳಿ ಎಂಬುದಕ್ಕೂ ಗಡಿ ಬೇಕು. 2015ರ ಮಾನದಂಡದಂತೆ ಖಚಿತ ಮೆನಿಯೇರ್ ಎನ್ನಲು ತಾನಾಗಿ ಬಂದು 20 ನಿಮಿಷದಿಂದ 12 ಗಂಟೆ ಇರುವ ಗಿರಕಿ ಕನಿಷ್ಠ ಎರಡು ಸಲ ಆಗಿರಬೇಕು. ತೊಂದರೆಯ ಕಿವಿಯಲ್ಲಿ ಏರಿಳಿಯುವ ಕಿವಿಮೊರೆತ, ತುಂಬಿದ ಭಾವ ಅಥವಾ ಕೇಳುವಿಕೆಯ ತೊಂದರೆ ಇರಬೇಕು. ಕೆಳ ಅಥವಾ ಮಧ್ಯಮ ಆವರ್ತನಗಳ ನರಸಂಬಂಧಿ ಶ್ರವಣ ನಷ್ಟ ಆಡಿಯೋಗ್ರಾಮಿನಲ್ಲಿ (ಶ್ರವಣ ಪರೀಕ್ಷೆಯ ನಕ್ಷೆಯಲ್ಲಿ) ದಾಖಲಾಗಿರಬೇಕು. ಹಾಸಿಗೆಯಲ್ಲಿ ಮಗ್ಗುಲಾದಾಗ ಕೆಲವೇ ಸೆಕೆಂಡು ತಿರುಗುವುದು ಸಾಮಾನ್ಯವಾಗಿ ಬಿಪಿಪಿವಿ (ತಲೆಯ ಭಂಗಿ ಬದಲಾದಾಗ ಬರುವ ತಲೆಸುತ್ತು). ವೆಸ್ಟಿಬ್ಯುಲರ್ ಮೈಗ್ರೇನ್ (ತಲೆಸುತ್ತು ತರುವ ಮೈಗ್ರೇನ್) ಇನ್ನೂ ಮೋಸಗಾರ: 5 ನಿಮಿಷದಿಂದ 72 ಗಂಟೆಯವರೆಗೆ ಎಳೆಯಬಲ್ಲುದು, ಕಿವಿಯೂ ಗುಯ್‌ಗುಟ್ಟಬಹುದು. ಇವರೆಲ್ಲ ಒಂದೇ ಗುಂಪಿನಲ್ಲಿ ಬೆರೆತರೆ ನಿಜವಾಗಿ ಕೆಲಸ ಮಾಡುವ ಔಷಧಿಯೂ ಸೋಲಬಹುದು.

ತಲೆಸುತ್ತಿನ ಹಾಗೆ ಕೇಳುವಿಕೆಯ ನಷ್ಟ ಕಾಲ ಕಳೆದಂತೆ ಇಳಿಯುವುದಿಲ್ಲ. ಅದೇ 1995ರ ಪದ್ಧತಿ 500, 1000, 2000, 3000 ಹರ್ಟ್ಸ್‌ಗಳಲ್ಲಿನ ಕೇಳುವ ಮಿತಿಯ ಸರಾಸರಿ ತೆಗೆಯುತ್ತದೆ. ಆರಂಭದಲ್ಲಿ ಹೆಚ್ಚಾಗಿ ಕುಸಿಯುವ ಕೆಳ ಆವರ್ತನಗಳ ಪೈಕಿ 250 ಅದರಲ್ಲಿ ಇಲ್ಲವೇ ಇಲ್ಲ, 500ರ ಪೆಟ್ಟೂ ನಾಲ್ಕರಲ್ಲಿ ಹಂಚಿಹೋಗುತ್ತದೆ. ಹಾಗಾಗಿ ವರದಿಯಲ್ಲಿ ಸರಾಸರಿ ಮಾತ್ರ ಇದ್ದರೆ ಬಿಡಿ ಆವರ್ತನಗಳ ಪಟ್ಟಿ ಎಲ್ಲಿದೆಯೆಂದು ಹುಡುಕಿ.