ಹೂಕರ್ ಕಣಿವೆಯಲ್ಲಿ ಅಪ್ಪನೊಡನೆ

ನ್ಯೂಜಿಲೆಂಡಿನ ದಕ್ಷಿಣ ದ್ವೀಪದಲ್ಲಿರುವ ಔರಾಕಿ–ಮೌಂಟ್ ಕುಕ್ ರಾಷ್ಟ್ರೀಯ ಉದ್ಯಾನವೆಂದರೆ ಹಗ್ಗ ಕಟ್ಟಿಕೊಂಡು ಹಿಮ ಹತ್ತುವವರ ಜಾಗವೆಂದೇ ನಾನು ತಿಳಿದಿದ್ದೆ. ಆದ್ದರಿಂದ ಕ್ರೈಸ್ಟ್‌ಚರ್ಚಿನಲ್ಲಿ ನೆಲೆಸಿರುವ ತಂಗಿಯು, ಮೊಣಕಾಲು ನೋವಿರುವ 71 ವರ್ಷದ ಅಪ್ಪನನ್ನು ಅಲ್ಲಿ ನಡೆದಾಡಿಸಿಕೊಂಡು ಬರೋಣವೆಂದಾಗ ನನಗೆ ನಂಬಿಕೆ ಬರಲಿಲ್ಲ. ಧಾರವಾಡದಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಸಸ್ಯಶಾಸ್ತ್ರ ಕಲಿಸಿದ ಅಪ್ಪ ಮಾತ್ರ, ಕಣಿವೆಯ ಹೆಸರು ಹೂಕರ್ ಎಂದು ಕೇಳಿದೊಡನೆ ಕನ್ನಡಕ ಒರೆಸಿಕೊಂಡು ಸಿದ್ಧರಾದರು.

ಡಿಸೆಂಬರಿನ ಒಂದು ಬೆಳಿಗ್ಗೆ ಟ್ವೈಝೆಲ್ ಎಂಬ ಸಣ್ಣ ಊರಿನಿಂದ ಹೊರಟು, ಪುಕಾಕಿ ಸರೋವರದ ದಂಡೆಯುದ್ದಕ್ಕೂ ಸಾಗುವ ರಸ್ತೆಯಲ್ಲಿ ಸುಮಾರು ಮುಕ್ಕಾಲು ಗಂಟೆ ಪಯಣಿಸಿದೆವು. ಆ ನೀರಿನ ಹಾಲುಬೆರೆತ ನೀಲಿ ಬಣ್ಣಕ್ಕೆ ಕಾರಣ ಹಿಮನದಿಗಳು. ಅವು ಬೀಸುಕಲ್ಲಿನಂತೆ ಬಂಡೆಯನ್ನು ಅರೆದು ಮಾಡಿದ ನುಣ್ಣನೆಯ ಹಿಟ್ಟು ತಳಕ್ಕಿಳಿಯದೆ ನೀರಿನಲ್ಲಿ ತೇಲುತ್ತ ಉಳಿಯುತ್ತದೆ.

ವೈಟ್ ಹಾರ್ಸ್ ಹಿಲ್ ಎಂಬಲ್ಲಿ ವಾಹನ ನಿಲ್ಲಿಸಿ ನಡಿಗೆ ಆರಂಭಿಸಿದೆವು. ಹೋಗಿಬರುವ ದೂರ 10 ಕಿಲೋಮೀಟರು, ಏರು ಬಲು ಕಡಿಮೆ. ಸಾಮಾನ್ಯವಾಗಿ ಮೂರು ಗಂಟೆ ಸಾಕೆನ್ನುತ್ತಾರೆ. ನಮಗೆ ಐದೂವರೆ ಹಿಡಿಯಿತು. ದಾರಿಯಲ್ಲಿ ಮೂರು ತೂಗುಸೇತುವೆಗಳು. ಮೊದಲನೆಯದರ ಮೇಲೆ ಗಾಳಿ ಜೋರಾಗಿದ್ದು, ಕೆಳಗೆ ಬೂದಿ ಬಣ್ಣದ ಹೂಕರ್ ನದಿ ಮೊರೆಯುತ್ತಿತ್ತು. ಅಪ್ಪ ಎರಡೂ ಕೈಗಳಿಂದ ಉಕ್ಕಿನ ಹಗ್ಗ ಹಿಡಿದು ಅಡ್ಡಡ್ಡ ಹೆಜ್ಜೆ ಹಾಕುತ್ತಿದ್ದಾಗ, ಹಿಂದೆ ಬರುತ್ತಿದ್ದ ಮಕ್ಕಳ ಗುಂಪೊಂದು ಅವಸರಪಡಿಸದೆ ಸೇತುವೆಯ ಆಚೆಯೇ ಕಾದು ನಿಂತಿತು.

ಈ ಕಣಿವೆಯಲ್ಲಿ ಮರಗಳಿಲ್ಲವೆನ್ನುವಷ್ಟು ಕಡಿಮೆ. ನೆರಳು ಹುಡುಕುವ ನಮ್ಮ ಕಣ್ಣಿಗೆ ಮೊದಲು ಇದು ಬರಡೆನಿಸಿದರೂ, ಒಣಹೊಂಬಣ್ಣದ ಹುಲ್ಲುಗೊಂಚಲುಗಳ ನಡುವೆ ಅಪ್ಪನಿಗೆ ಬೇಕಾದುದು ಸಿಕ್ಕಿತು. ದಾರಿಯ ಪಕ್ಕದ ತೇವದ ಇಳಿಜಾರಿನಲ್ಲಿ, ತಾವರೆಯ ಎಲೆಯಂತೆ ದುಂಡಗೆ ಬಟ್ಟಲಾಗಿ ನಿಂತ ಎಲೆಗಳ ಮೇಲೆ, ಹಳದಿ ನಡುವಿನ ಅಚ್ಚ ಬಿಳಿ ಹೂಗಳು. ಜನ ಇದನ್ನು ಮೌಂಟ್ ಕುಕ್ ಲಿಲಿ ಎನ್ನುತ್ತಾರಾದರೂ ಇದು ಲಿಲಿಯಲ್ಲ, ಬಟರ್‌ಕಪ್ ಜಾತಿಯಲ್ಲಿ ಅತಿ ದೊಡ್ಡದು. ಶಾಸ್ತ್ರೀಯ ಹೆಸರು ರನನ್‌ಕ್ಯುಲಸ್ ಲಯಾಲೈ. ಅದರ ಮುಂದೆ ಹೆಸರಿಟ್ಟವರ ಗುರುತಾಗಿ ‘ಹುಕ್. ಎಫ್.’ ಎಂದು ಬರೆಯಬೇಕು. ಆ ಎಫ್ ಎಂದರೆ ಲ್ಯಾಟಿನ್‌ನಲ್ಲಿ ಮಗ. ಹಿಮನದಿಗೂ ಕಣಿವೆಗೂ ಬಂದದ್ದು ಲಂಡನ್ನಿನ ಕ್ಯೂ ಸಸ್ಯೋದ್ಯಾನದ ನಿರ್ದೇಶಕರಾಗಿದ್ದ ವಿಲಿಯಂ ಹೂಕರ್ ಅವರ ಹೆಸರು. ಹೂವಿಗೆ ಹೆಸರಿಟ್ಟವರು ಅವರ ಮಗ ಜೋಸೆಫ್. ಸಿಕ್ಕಿಂ ಬೆಟ್ಟಗಳನ್ನು ಸುತ್ತಿ, 1872ರಿಂದ 1897ರವರೆಗೆ ಏಳು ಸಂಪುಟಗಳಲ್ಲಿ ಹೊರಬಂದ ‘ಫ್ಲೋರಾ ಆಫ್ ಬ್ರಿಟಿಷ್ ಇಂಡಿಯಾ’ ಎಂಬ ಮಹಾಗ್ರಂಥವನ್ನು ನಮಗೆ ಕೊಟ್ಟವರೂ ಇವರೇ. “ಆ ಎಫ್ ಬರೀದ ಬಿಟ್ಟ ಹುಡುಗರಿಗೆ ಅರ್ಧ ಮಾರ್ಕ್ಸ್ ಕಳೀತಿದ್ದೆ ನಾನು” ಎಂದು ಅಪ್ಪ, ಈಗಲೂ ಯಾರದೋ ಉತ್ತರಪತ್ರಿಕೆ ಮುಂದಿದೆಯೇನೋ ಎಂಬಂತೆ ಹೇಳಿದರು.

ಎರಡನೆಯ ಸೇತುವೆ ದಾಟಿ, ವಿಶ್ರಾಂತಿ ಶೆಡ್ಡಿನಲ್ಲಿ ತಂಗಿ ಕಟ್ಟಿ ತಂದಿದ್ದ ಚಪಾತಿ, ಶೇಂಗಾಚಟ್ನಿ ತಿಂದೆವು. ಅಲ್ಲಿಂದ ಮುಂದೆ ಜವುಗಿನ ಮೇಲೆ ಹಾಸಿದ ಹಲಗೆಯ ಹಾದಿ. ಎದುರಿಗೆ ಔರಾಕಿ ಅಡಿಯಿಂದ ತುದಿಯವರೆಗೆ ತೆರೆದು ನಿಂತಿತ್ತು. ಅಪ್ಪನಿಗೆ ನೆನಪಿದ್ದ ಹಳೆಯ ಅಟ್ಲಾಸಿನಲ್ಲಿ ಅದರ ಎತ್ತರ 3764 ಮೀಟರು. 1991ರ ಡಿಸೆಂಬರ್ 14ರಂದು ಶಿಖರದ ಒಂದು ಭಾಗ ಕುಸಿದುಬಿತ್ತು. ಉಳಿದ ತುದಿಯ ಹಿಮವೂ ಸವೆಯುತ್ತ ಬಂದು, 2014ರಲ್ಲಿ ಪ್ರಕಟವಾದ ಅಳತೆಯಂತೆ ಈಗ ಅದು 3724 ಮೀಟರು. ಮಾವೊರಿಗಳ ನ್ಗಾಯ್ ತಾಹು ಬುಡಕಟ್ಟಿನವರ ಕಥೆಯಲ್ಲಿ ಔರಾಕಿ ಆಕಾಶ ತಂದೆಯ ಮಗ. ಅವನೂ ಅವನ ತಮ್ಮಂದಿರೂ ದೋಣಿಯೇರಿ ಬಂದಾಗ ದೋಣಿ ಮಗುಚಿ ಈ ದ್ವೀಪವಾಯಿತು, ಅದರ ಮೇಲೆ ಹತ್ತಿ ಕುಳಿತವರು ಚಳಿಗೆ ಕಲ್ಲಾಗಿ ಬೆಟ್ಟಗಳಾದರು. ಅವರಿಗೆ ಶಿಖರ ಪೂಜ್ಯವಾದುದರಿಂದ ಹತ್ತುವವರು ನೆತ್ತಿಯ ಮೇಲೆ ಕಾಲಿಡಬಾರದೆಂದು ಕೇಳಿಕೊಳ್ಳುತ್ತಾರೆ. ನಮ್ಮಿಂದ ಆ ಅಪಚಾರ ಆಗುವ ಸಂಭವವೇ ಇರಲಿಲ್ಲ.

ದಾರಿ ಕೊನೆಗೊಳ್ಳುವುದು ಹೂಕರ್ ಸರೋವರದಲ್ಲಿ. ಮಾಸಲು ನೀರಿನ ಮೇಲೆ ಮನೆಯಷ್ಟು ದೊಡ್ಡದೊಂದು, ಎಮ್ಮೆಯಷ್ಟು ಗಾತ್ರದ ಹಲವು ಮಂಜುಗಡ್ಡೆಗಳು ತೇಲುತ್ತಿದ್ದವು. ಆಚೆ ತುದಿಯಲ್ಲಿ ಕಲ್ಲುಮಣ್ಣು ಹೊದ್ದ ಹಿಮನದಿಯ ಕೊಳಕು ಮೂತಿ. ನಾವು ಕುಳಿತಿದ್ದ ದಂಡೆ ಪುರಾತನವೆನಿಸುತ್ತಿದ್ದರೂ ಆ ಸರೋವರ ಹುಟ್ಟಿದ್ದು 1970ರ ದಶಕದ ಕೊನೆಗೆ, ಅಪ್ಪ ಮೇಷ್ಟ್ರ ಕೆಲಸಕ್ಕೆ ಸೇರಿದ ಕಾಲಕ್ಕೆ. ಅದಕ್ಕೂ ಮೊದಲು ಇಲ್ಲಿ ಹಿಮನದಿಯೇ ಮಲಗಿತ್ತು. ಅದು ಕರಗಿ ಹಿಂದೆ ಸರಿದಷ್ಟೂ ನೀರು ಉದ್ದವಾಗುತ್ತಿದೆ. ಇದನ್ನು ಹೇಳಿದಾಗ ಅಪ್ಪ ಉತ್ತರಿಸದೆ, ಬೂಟು ಕಳಚಿ, ಒಂದು ಕಾಲನ್ನು ನೀರಿಗಿಟ್ಟು ತಕ್ಷಣ ತೆಗೆದರು. ದೂರದ ಇಳಿಜಾರಿನಲ್ಲೆಲ್ಲೋ ಹಿಮ ಜಾರಿದ ಸದ್ದು ಗುಡುಗಿನಂತೆ ಬಂತು. ತಲೆಯೆತ್ತಿ ಹುಡುಕುವಷ್ಟರಲ್ಲಿ ಬಿಳಿ ಧೂಳು ಮಾತ್ರ ಉಳಿದಿತ್ತು.

ಮರಳುವಾಗ ಎದುರುಗಾಳಿ. ವಾಹನದ ಬಳಿ ಬರುವ ಹೊತ್ತಿಗೆ ಶಿಖರವನ್ನು ಮೋಡ ಮುಚ್ಚಿತ್ತು. ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಅಪ್ಪ ತಂಗಿಯನ್ನು ಕೇಳಿದರು: “ನಾಳೆ ಮತ್ತ ಬರೂಣೇನವಾ? ಆ ಎಲಿ ಕೆಳಗ ನರ ಹೆಂಗದಾವ ಅಂತ ನೋಡೂದು ಉಳೀತು.”